ಹೈಸ್ಪೀಡ್ ರ‍್ಯಾಮ್ ಕೈಕೊಟ್ಟಾಗ: ಕೊಡಗಿನ ಮನೆಯಲ್ಲಿ ಪಿಸಿ ಜೋಡಿಸಿಕೊಂಡವರಿಗೊಂದು ಮಾರ್ಗದರ್ಶಿ

ಡಬ್ಬದ ಮೇಲೆ 6000 (ಸೆಕೆಂಡಿಗೆ ಅಷ್ಟು ದಶಲಕ್ಷ ಡೇಟಾ ವರ್ಗಾವಣೆ) ಎಂದು ಅಚ್ಚಾದ ಮಾತ್ರಕ್ಕೆ ಆ ರ‍್ಯಾಮ್ ನಿಮ್ಮ ಪಿಸಿಯಲ್ಲೂ 6000ಕ್ಕೆ ಓಡುತ್ತದೆ ಎಂದು ಯಾರೂ ಬರೆದುಕೊಟ್ಟಿಲ್ಲ. ಅದು ಸ್ಟಿಕ್, ಅಂದರೆ ರ‍್ಯಾಮ್ ಪಟ್ಟಿ, ತಯಾರಿಸಿದವರ ಲೆಕ್ಕ. ಪ್ರೊಸೆಸರ್ ಒಳಗಿನ ಮೆಮೊರಿ ಕಂಟ್ರೋಲರ್ ಆ ವೇಗಕ್ಕೆ ಒಗ್ಗಬೇಕು, ಮದರ್‌ಬೋರ್ಡ್ ತಡೆದುಕೊಳ್ಳಬೇಕು, ಬಯೋಸ್, ಅಂದರೆ ಪಿಸಿ ಆನ್ ಆದಾಗ ಮೊದಲು ಓಡುವ ಬೋರ್ಡಿನ ತಂತ್ರಾಂಶ, ಎರಡನ್ನೂ ಹೊಂದಿಸಬೇಕು. ಅಂಗಡಿಯಲ್ಲಿ ಸಿಗುವ ಡಿಡಿಆರ್5 (ಐದನೇ ತಲೆಮಾರಿನ ರ‍್ಯಾಮ್) ಸ್ಟಿಕ್ಕುಗಳ ಜೆಡೆಕ್ ವೇಗ, ಅಂದರೆ ಕಾರ್ಖಾನೆಯ ಮೂಲ ವೇಗ, 4800ರಿಂದ ಶುರುವಾಗುತ್ತದೆ. ಅದಕ್ಕೆ 1.1 ವೋಲ್ಟ್ ಸಾಕು. ಬಯೋಸಿನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಪ್ರೊಫೈಲ್ (ಸ್ಟಿಕ್ಕಿನಲ್ಲೇ ಬರೆದಿಟ್ಟ ಹೆಚ್ಚಿನ ವೇಗದ ಸೆಟ್ಟಿಂಗ್) ಆನ್ ಮಾಡಿದ ಕೂಡಲೇ ಅದು 6000ಕ್ಕೂ ಸುಮಾರು 1.35 ವೋಲ್ಟಿಗೂ ಏರುತ್ತದೆ. ಹೆಸರು ಏನೇ ಇರಲಿ, ಇದು ಮೂಲ ವೇಗ ಮೀರಿ ಓಡಿಸುವ ಓವರ್‌ಕ್ಲಾಕಿಂಗ್. ಎರಡು ಸ್ಟಿಕ್ ಹಾಕಿದಾಗ ರೈಜೆನ್ 7000 ಸರಣಿಗೆ ಎಎಂಡಿ ಅಧಿಕೃತವಾಗಿ ಹೇಳುವುದು 5200, 9000 ಸರಣಿಗೆ 5600. ಇಂಟೆಲ್ 12ನೇ ತಲೆಮಾರಿಗೆ 4800, 13 ಮತ್ತು 14ನೇ ತಲೆಮಾರಿನ ದೊಡ್ಡ ಪ್ರೊಸೆಸರ್‌ಗಳಿಗೆ 5600. ಅದರ ಮೇಲಿನದ್ದೆಲ್ಲ ನಿಮ್ಮ ಕೈಗೆ ಬಂದ ಚಿಪ್‌ನ ಯೋಗ್ಯತೆಗೆ ಬಿಟ್ಟದ್ದು.

ಹಾಗೆಂದು 6000 ಕೈಬಿಡಬೇಕಿಲ್ಲ, ಬಹಳ ಪಿಸಿಗಳಲ್ಲಿ ಅದು ಸಲೀಸಾಗಿ ಓಡುತ್ತದೆ. ಓಡದಿದ್ದಾಗ ತಪ್ಪು ಸ್ಟಿಕ್ಕಿನದೋ, ಸ್ಲಾಟಿನದೋ, ಪ್ರೊಸೆಸರಿನದೋ, ಗೋಡೆಯ ಪ್ಲಗ್ಗಿನದೋ ಎಂದು ಬೇರೆ ಬೇರೆ ಮಾಡಿ ನೋಡಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ. ಪಕ್ಕದಲ್ಲೊಂದು ನೋಟ್‌ಬುಕ್ ಇಟ್ಟುಕೊಳ್ಳಿ. ಮೂರನೇ ದಿನಕ್ಕೆ ಯಾವ ವೋಲ್ಟೇಜಿನಲ್ಲಿ ಯಾವ ಟೆಸ್ಟ್ ಫೇಲ್ ಆಯಿತೆಂದು ಯಾರಿಗೂ ನೆನಪಿರುವುದಿಲ್ಲ.

ಮೊದಲು ಪ್ರೊಫೈಲ್ ಆಫ್, ಆಮೇಲೆ ಬ್ಯಾಕಪ್

ಈ ಕ್ರಮವನ್ನು ಹಿಂದೆಮುಂದೆ ಮಾಡಬೇಡಿ. ನೀವು ಕಾಪಿ ಮಾಡುವ ಪ್ರತಿ ಫೈಲೂ ರ‍್ಯಾಮ್ ಮೂಲಕವೇ ಹೋಗುತ್ತದೆ. ರ‍್ಯಾಮ್ ತಪ್ಪು ಮಾಡುತ್ತಿರುವಾಗಲೇ ತೋಟದ ಲೆಕ್ಕ, ಮದುವೆ ಫೋಟೋಗಳನ್ನು ಎಕ್ಸ್‌ಟರ್ನಲ್ ಡಿಸ್ಕಿಗೆ ಹಾಕಿದರೆ ಕೆಟ್ಟ ಪ್ರತಿಯೇ ಬ್ಯಾಕಪ್ ಆಗಿ ಕೂರುತ್ತದೆ, ಅದು ಗೊತ್ತಾಗುವುದು ವರ್ಷದ ಮೇಲೆ. ಬಯೋಸಿಗೆ ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆಫ್ ಮಾಡಿ, ಸೇವ್ ಮಾಡಿ, ಮೂಲ ವೇಗಕ್ಕೆ ಇಳಿದ ಮೇಲೆ ಕಾಪಿ ಮಾಡಿ. ವೇಗವನ್ನು ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ನೋಡಬಹುದು. ಸಿಪಿಯು-ಝಡ್ ಎಂಬ ತಂತ್ರಾಂಶ ತೋರಿಸುವ ಅಂಕಿ ಅದರ ಅರ್ಧ ಇರುತ್ತದೆ. 6000ದ ರ‍್ಯಾಮ್‌ಗೆ ಅಲ್ಲಿ 3000 ಕಂಡರೆ ಗಾಬರಿ ಬೇಡ.

ಕರೆಂಟಿನ ತಪ್ಪನ್ನು ರ‍್ಯಾಮ್ ತಲೆಗೆ ಕಟ್ಟಬೇಡಿ

ಹೂಮಳೆ ತಡವಾಗಿ, ಫೆಬ್ರವರಿ-ಮಾರ್ಚಿನಲ್ಲಿ ಕಾಫಿಗೆ ಸ್ಪ್ರಿಂಕ್ಲರ್ ಹಾಕುವ ದಿನಗಳಲ್ಲಿ ಅದೇ ಟ್ರಾನ್ಸ್‌ಫಾರ್ಮರ್ ಮೇಲಿನ ಮೋಟಾರ್ ಶುರುವಾದರೆ ಮನೆಯ ಬಲ್ಬು ಒಮ್ಮೆ ಮಂಕಾಗುತ್ತದೆ. ಪಿಸಿ ರೀಸ್ಟಾರ್ಟ್ ಆಗುವುದೂ ಅದೇ ಹೊತ್ತಿಗಾದರೆ ಬಯೋಸಿನಲ್ಲಿ ಎಷ್ಟು ತಡಕಾಡಿದರೂ ಫಲವಿಲ್ಲ. ಒಳ್ಳೆಯ ಎಸ್‌ಎಂಪಿಎಸ್ (ಪಿಸಿಯ ಪವರ್ ಸಪ್ಲೈ ಡಬ್ಬ) ಕೂಡ ಕರೆಂಟ್ ಇಲ್ಲದೆ ತುಂಬು ಲೋಡನ್ನು ಹೊತ್ತುಕೊಳ್ಳುವುದು 16-17 ಮಿಲಿಸೆಕೆಂಡ್ ಅಷ್ಟೇ. ಎಸ್‌ಎಂಪಿಎಸ್ ಮೇಲಿನ ಸ್ಟಿಕ್ಕರ್ ಓದಿ. 100-240 ವೋಲ್ಟ್ ಎಂದಿದ್ದರೆ ಲೋ ವೋಲ್ಟೇಜನ್ನು ಒಂದು ಮಟ್ಟಿಗೆ ತಡೆದುಕೊಳ್ಳುತ್ತದೆ. 200-240 ಎಂದಷ್ಟೇ ಇರುವ ಅಗ್ಗದ ಮಾಡೆಲ್‌ಗಳೂ ಮಾರಾಟವಾಗುತ್ತವೆ, ನಮ್ಮ ಕಡೆಯ ಲೈನಿಗೆ ಅವು ಹೊಂದುವುದಿಲ್ಲ.

ಮನೆಯ ಇನ್ವರ್ಟರಿನಲ್ಲೇ ಪಿಸಿ ಓಡಿಸುವವರು ಅದರ ಹಿಂಬದಿಯ ಸ್ವಿಚ್ ಇಕೋ ಮೋಡಿನಲ್ಲಿದೆಯೋ ಯುಪಿಎಸ್ ಮೋಡಿನಲ್ಲಿದೆಯೋ ನೋಡಿ. ಇಕೋ ಮೋಡಿನಲ್ಲಿ ಕರೆಂಟ್ ಹೋದಾಗ ಬ್ಯಾಟರಿಗೆ ಬದಲಾವಣೆ ನಿಧಾನ, ಫ್ಯಾನು-ಲೈಟಿಗೆ ಸಾಕು, ಪಿಸಿಗೆ ಸಾಲದು.

ಸಾಕ್ಷಿ ಬೇಕಾದರೆ ವಿಂಡೋಸೇ ಕೊಡುತ್ತದೆ. ಈವೆಂಟ್ ವ್ಯೂವರ್ ತೆರೆದು ಸಿಸ್ಟಂ ಲಾಗಿನಲ್ಲಿ ಕರ್ನಲ್-ಪವರ್ 41 ಎಂಬ ದಾಖಲೆ ಹುಡುಕಿ, ಅದರ ಡೀಟೇಲ್ಸ್ ಭಾಗದಲ್ಲಿ ಬಗ್‌ಚೆಕ್‌ಕೋಡ್ ಎಂಬ ಸಾಲು ನೋಡಿ. 0 ಇದ್ದರೆ ಬ್ಲೂ ಸ್ಕ್ರೀನ್ ಬಂದೇ ಇಲ್ಲ ಎಂದರ್ಥ: ಕರೆಂಟ್ ಕಡಿದಿರಬಹುದು, ಇಲ್ಲವೇ ಪಿಸಿ ಪೂರ್ತಿ ಫ್ರೀಜ್ ಆಗಿ ನೀವೇ ಬಟನ್ ಒತ್ತಿರಬಹುದು. 26 ಇದ್ದರೆ ಮೆಮೊರಿ ಮ್ಯಾನೇಜ್‌ಮೆಂಟ್ ದೋಷ. 10 ಮತ್ತು 80 ಕೂಡ ರ‍್ಯಾಮ್ ಕೆಟ್ಟಾಗ ಮೇಲಿಂದ ಮೇಲೆ ಬರುವ ಕೋಡುಗಳು, ಡ್ರೈವರ್ ಕೆಟ್ಟರೂ ಬರುತ್ತವೆ. 292 ಬಂದರೆ ಪ್ರೊಸೆಸರ್ ಕಡೆಗೂ ಕಣ್ಣು ಹಾಯಿಸಿ. ಒಂದೇ ಕೋಡ್ ಮತ್ತೆ ಮತ್ತೆ ಬರುವುದಕ್ಕಿಂತ ದಿನಕ್ಕೊಂದು ಕೋಡ್ ಬರುತ್ತಿದ್ದರೆ ರ‍್ಯಾಮ್ ಮೇಲಿನ ಸಂಶಯ ಗಟ್ಟಿಯಾಗುತ್ತದೆ. ದೊಡ್ಡ ಜಿಪ್ ಫೈಲ್ ಬಿಚ್ಚುವಾಗ ಒಮ್ಮೆ ಸಿಆರ್‌ಸಿ ಎರರ್ (ಫೈಲಿನ ಡೇಟಾ ತಾಳೆಯಾಗದ ದೋಷ) ಬಂದು, ಅದೇ ಫೈಲ್ ಮತ್ತೊಮ್ಮೆ ಸರಿಯಾಗಿ ಬಿಚ್ಚಿಕೊಂಡರೂ ಹಾಗೆಯೇ.

ಇಂಟೆಲ್ 13, 14ನೇ ತಲೆಮಾರಿನ ಐ7, ಐ9 ಇಟ್ಟುಕೊಂಡವರಿಗೆ ಬೇರೆಯೇ ಒಂದು ಮಾತು. ಈ ಪ್ರೊಸೆಸರ್‌ಗಳಿಗೆ ಹೆಚ್ಚಿನ ವೋಲ್ಟೇಜ್ ಹೋಗಿ ನಿಧಾನಕ್ಕೆ ಹಾಳಾಗುತ್ತಿದ್ದುದನ್ನು 2024ರಲ್ಲಿ ಇಂಟೆಲ್ ಒಪ್ಪಿಕೊಂಡು ಮೈಕ್ರೋಕೋಡ್ (ಪ್ರೊಸೆಸರಿನ ಒಳ ತಂತ್ರಾಂಶ) ತಿದ್ದುಪಡಿ ಬಿಟ್ಟಿತು, ವಾರಂಟಿಯನ್ನೂ ಎರಡು ವರ್ಷ ವಿಸ್ತರಿಸಿತು. ಗೇಮ್ ತೆರೆಯುವಾಗ ವಿಡಿಯೊ ಮೆಮೊರಿ ಸಾಲದು ಎಂದು ಬರುವ ಎರರ್ ಇದರ ಹೆಸರಾಂತ ಲಕ್ಷಣ. ಆ ತಿದ್ದುಪಡಿ ಇರುವ ಹೊಸ ಬಯೋಸ್ ಹಾಕಿ ನೋಡದೆ ರ‍್ಯಾಮ್ ಬದಲಿಸಲು ಹೋಗಬೇಡಿ.

ಮೂಲ ವೇಗದಲ್ಲೇ ಒಂದು ರಾತ್ರಿ

ಪೆನ್‌ಡ್ರೈವಿಗೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಹಾಕಿ, ಅದರಿಂದಲೇ ಬೂಟ್ ಮಾಡಿ. ಉಚಿತ ಆವೃತ್ತಿಯಲ್ಲಿ ನಾಲ್ಕು ಸುತ್ತಿನವರೆಗೆ ಓಡಿಸಬಹುದು. 32 ಜಿಬಿ ಇದ್ದರೆ ರಾತ್ರಿ ಊಟ ಮುಗಿಸಿ ಹಾಕಿದರೆ ಬೆಳಗಿನ ಕಾಫಿಗೆ ಫಲಿತಾಂಶ ಸಿಗುತ್ತದೆ. ವಿಂಡೋಸಿನ ಜೊತೆ ಬರುವ ಮೆಮೊರಿ ಡಯಾಗ್ನೋಸ್ಟಿಕ್ ಸ್ಪಷ್ಟವಾಗಿ ಕೆಟ್ಟ ಸ್ಟಿಕ್ಕನ್ನು ಹಿಡಿದೀತು, ವೇಗದ ಸಮಸ್ಯೆಯನ್ನು ಹಿಡಿಯುವುದು ಅಪರೂಪ. ಅದು ಪಾಸ್ ಅಂದರೆ ನಂಬಬೇಡಿ.

ಎರರ್ ಎಷ್ಟು ಬಂದರೆ ಪರವಾಗಿಲ್ಲ ಎಂದು ಕೇಳುವವರಿದ್ದಾರೆ. ಸೊನ್ನೆ. ಒಂದೇ ಒಂದು ಬಂದರೂ ಫೇಲ್. ಕೊನೆಯ ಹ್ಯಾಮರ್ ಟೆಸ್ಟ್ ಒಂದನ್ನು ಮಾತ್ರ ಪ್ರತ್ಯೇಕವಾಗಿ ನೋಡಬೇಕು. ಅದು ಒಂದೇ ಸಾಲನ್ನು ಬಿಡದೆ ಬಡಿದು ಅಕ್ಕಪಕ್ಕದ ಬಿಟ್ ಜಾರುತ್ತದೆಯೇ ಎಂದು ನೋಡುವ ವಿಪರೀತ ಪರೀಕ್ಷೆ, ದಿನಬಳಕೆಯಲ್ಲಿ ಅಂಥ ಸಂದರ್ಭ ಬರುವುದು ಕಡಿಮೆ. ಡಿಡಿಆರ್5ರಲ್ಲಿ ಆನ್-ಡೈ ಇಸಿಸಿ ಇದೆಯಲ್ಲ ಎಂಬ ಧೈರ್ಯವೂ ಬೇಡ. ಅದು ಚಿಪ್ಪಿನ ಒಳಗಿನ ತಪ್ಪನ್ನಷ್ಟೇ ತಿದ್ದುತ್ತದೆ, ಚಿಪ್ಪಿನಿಂದ ಪ್ರೊಸೆಸರಿಗೆ ಹೋಗುವ ದಾರಿಯಲ್ಲಿ ಆಗುವುದನ್ನಲ್ಲ. ವೇಗ ಹೆಚ್ಚಿಸಿದಾಗ ತೊಂದರೆ ಆಗುವುದು ಹೆಚ್ಚಾಗಿ ಆ ದಾರಿಯಲ್ಲೇ.

ಮೂಲ ವೇಗದಲ್ಲಿ ಎರರ್ ಬಂದರೆ ಮುಂದಿನ ಎರಡು ಭಾಗ ನಿಮಗಾಗಿ. ಬರದಿದ್ದರೆ ಸ್ಟಿಕ್ಕು, ಸ್ಲಾಟು ಬಹುತೇಕ ಸರಿಯಿವೆ, ಮುಂದಿನ ಭಾಗದಲ್ಲಿ ಹೇಳಿದಂತೆ ಸ್ಟಿಕ್ಕಿನ ಹಲ್ಲುಗಳನ್ನೊಮ್ಮೆ ಒರೆಸಿ ನೇರ ಬಯೋಸ್ ಭಾಗಕ್ಕೆ ಹೋಗಿ.

ಮಳೆಗಾಲ ಮಾಡುವ ಕೆಲಸ

ಜೂನಿನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿ, ಭಾಗಮಂಡಲದ ಕಡೆ ಚಪ್ಪಲಿಗೂ ಬೆಲ್ಟಿಗೂ ಬೂಸ್ಟು ಬರುವ ಹವೆಯಲ್ಲಿ ಪಿಸಿಯೊಂದೇ ಒಣಗಿರುವುದಿಲ್ಲ. ರಜೆಗೆ ಮಾತ್ರ ಆನ್ ಆಗುವ, ಉಳಿದ ದಿನ ಮೂಲೆಯಲ್ಲಿ ಮುಚ್ಚಿಟ್ಟ ಪಿಸಿಗೆ ತೊಂದರೆ ಹೆಚ್ಚು. ದಿನಾ ಓಡುವ ಪಿಸಿ ತನ್ನ ಶಾಖದಲ್ಲೇ ಒಣಗಿಕೊಳ್ಳುತ್ತದೆ. ಸ್ಟಿಕ್ಕಿನ ಚಿನ್ನದ ಲೇಪದ ಹಲ್ಲುಗಳ ಮೇಲೆ ತೇವ, ಅಡುಗೆ ಒಲೆಯ ಹೊಗೆ, ದೂಳು ಸೇರಿ ತೆಳ್ಳನೆಯ ಪೊರೆ ಕಟ್ಟುತ್ತದೆ. 4800ರಲ್ಲಿ ಅದನ್ನು ದಾಟಿ ಹೋಗುವ ಸಿಗ್ನಲ್ 6000ದಲ್ಲಿ ಎಡವುತ್ತದೆ.

ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು ಉಳಿದ ಕರೆಂಟ್ ಇಳಿಸಿ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿ ಮೈಯ ಸ್ಟ್ಯಾಟಿಕ್ ಬಿಟ್ಟುಕೊಡಿ. ಮಳೆಯಲ್ಲಿ ಸ್ಟ್ಯಾಟಿಕ್ ಕಾಟ ಕಡಿಮೆ, ಜನವರಿಯ ಒಣ ಚಳಿಯಲ್ಲಿ ಉಣ್ಣೆ ಸ್ವೆಟರ್ ಹಾಕಿಕೊಂಡು ಕೈ ಹಾಕುವಾಗ ಮಾತ್ರ ಜಾಗ್ರತೆ. ಸ್ಟಿಕ್ಕನ್ನು ಅಂಚಿನಲ್ಲಿ ಹಿಡಿದು ತೆಗೆದು, 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತುಸುವೇ ನೆನೆಸಿದ, ನೂಲು ಬಿಡದ ಬಟ್ಟೆಯಿಂದ ಹಲ್ಲುಗಳನ್ನು ಮೇಲಿನಿಂದ ಕೆಳಗೆ ಒಂದೇ ದಿಕ್ಕಿಗೆ ಒರೆಸಿ. ಬಟ್ಟೆಗೆ ಕಪ್ಪು ಹತ್ತುವುದು ನಿಂತ ಮೇಲೆ ಹತ್ತು ನಿಮಿಷ ಒಣಗಲು ಬಿಡಿ. ಹ್ಯಾಂಡ್ ಸ್ಯಾನಿಟೈಸರ್ ಬೇಡವೇ ಬೇಡ, ಅದರಲ್ಲಿ ನೀರು, ಗ್ಲಿಸರಿನ್ ಇರುತ್ತದೆ. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇಯೂ ಬೇಡ. ಅಂಗಡಿಗಳಲ್ಲಿ ಶಾಲೆಯ ರಬ್ಬರಿನಿಂದ ಉಜ್ಜುವ ಹಳೆಯ ಉಪಾಯ ಕೆಲಸ ಮಾಡುತ್ತದೆ ನಿಜ, ಆದರೆ ಚಿನ್ನದ ಲೇಪ ಬಹಳ ತೆಳು, ಪ್ರತಿ ಮಳೆಗಾಲಕ್ಕೂ ಉಜ್ಜಿದರೆ ಸವೆಯುತ್ತದೆ. ರಬ್ಬರಿನ ಪುಡಿ ಸ್ಲಾಟಿಗೆ ಬಿದ್ದರೆ ಇನ್ನೊಂದು ರಗಳೆ. ಸ್ಲಾಟಿಗೆ ಒಣ ಮೆತ್ತನೆ ಬ್ರಶ್, ಕೈಬ್ಲೋವರ್ ಸಾಕು. ಇರುವೆ, ಜೇಡರ ಬಲೆ ಸಿಗುವುದು ಇಲ್ಲಿ ಹೊಸದೇನಲ್ಲ, ಟಾರ್ಚ್ ಹಾಕಿ ನೋಡಿ.

ಸಿಲಿಕಾ ಜೆಲ್ ಪೊಟ್ಟಣವನ್ನು ಕ್ಯಾಬಿನೆಟ್ ಒಳಗೆ ಹಾಕಿಡುವವರಿದ್ದಾರೆ. ಫ್ಯಾನ್ ಹೊರಗಿನ ಗಾಳಿಯನ್ನು ಎಳೆಯುತ್ತಲೇ ಇರುವಾಗ ಅದರಿಂದ ಪ್ರಯೋಜನವಿಲ್ಲ. ಬಿಡಿ ಸ್ಟಿಕ್ಕುಗಳನ್ನು ಗಾಳಿಯಾಡದ ಡಬ್ಬದಲ್ಲಿ ಇಡುವಾಗ ಹಾಕಿ. ಕ್ಯಾಬಿನೆಟ್ಟನ್ನು ನೆಲದಿಂದ ಎತ್ತಿ, ತೇವ ಹಿಡಿಯುವ ಗೋಡೆಯಿಂದ ಒಂದು ಗೇಣು ದೂರ ಇಡಿ, ಮಳೆಗಾಲದಲ್ಲಿ ದಿನಕ್ಕೆ ಅರ್ಧ ಗಂಟೆಯಾದರೂ ಓಡಿಸಿ.

ವಾಪಸ್ ಕೂರಿಸುವಾಗ ಎರಡು ಸ್ಟಿಕ್ ಇದ್ದರೆ ಪ್ರೊಸೆಸರಿನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೇ ಹಾಕಿ. ಬೋರ್ಡಿನ ಮೇಲೆ ಎ2, ಬಿ2 ಎಂದು ಬರೆದಿರುತ್ತದೆ. ಒಂದನೆಯ, ಮೂರನೆಯ ಸ್ಲಾಟಿಗೆ ಹಾಕಿ ತಿಂಗಳುಗಟ್ಟಲೆ ಒದ್ದಾಡಿದವರು ಕಡಿಮೆಯಿಲ್ಲ. ಕ್ಲಿಪ್ ಒಂದೇ ಕಡೆ ಇರುವ ಬೋರ್ಡುಗಳಲ್ಲಿ ಇನ್ನೊಂದು ತುದಿ ಪೂರ್ತಿ ಕೂತಿದೆಯೇ ಎಂದು ಕಣ್ಣಿನಿಂದ ನೋಡಿ, ಟಕ್ ಎಂಬ ಸದ್ದನ್ನು ಮಾತ್ರ ನಂಬಬೇಡಿ.

ಯಾವ ಸ್ಟಿಕ್, ಯಾವ ಸ್ಲಾಟ್

ಕಾಗದದ ಟೇಪಿನಲ್ಲಿ ಒಂದು ಸ್ಟಿಕ್ಕಿಗೆ "ಕ", ಇನ್ನೊಂದಕ್ಕೆ "ಖ" ಎಂದು ಬರೆದು ಅಂಟಿಸಿ. "ಕ" ಒಂದನ್ನೇ ಎ2ರಲ್ಲಿ ಹಾಕಿ ಮೆಮ್‌ಟೆಸ್ಟ್ ಒಂದು ಪೂರ್ತಿ ಸುತ್ತು ಓಡಿಸಿ. ಆಮೇಲೆ ಅದೇ ಸ್ಲಾಟಿನಲ್ಲಿ "ಖ". ಒಂದು ಪಾಸಾಗಿ ಇನ್ನೊಂದು ಫೇಲಾದರೆ ಕಳ್ಳ ಸಿಕ್ಕಿದ ಹಾಗೆ. ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಮೆಮೊರಿ ವಿಳಾಸದಲ್ಲಿ ಎರರ್ ಬಂದರೆ ಚಿಪ್ ಸತ್ತಿದೆ, ಬಯೋಸಿನ ಯಾವ ಮದ್ದೂ ಅದಕ್ಕಿಲ್ಲ. ವಿಳಾಸ ಸಲಕ್ಕೊಂದು ಕಡೆ ಹಾರುತ್ತಿದ್ದರೆ ವೋಲ್ಟೇಜ್, ಟೈಮಿಂಗ್ (ಪ್ರತಿ ಹಂತಕ್ಕೆ ರ‍್ಯಾಮ್ ಕಾಯುವ ಹೊತ್ತು), ಇಲ್ಲವೇ ಸಂಪರ್ಕದ ದೋಷ.

ಎರಡೂ ಎ2ರಲ್ಲಿ ಪಾಸಾದರೆ ಒಳ್ಳೆಯದೊಂದನ್ನು ಬಿ2ಗೆ ಹಾಕಿ. ಅಲ್ಲಿ ಫೇಲಾದರೆ, ಅಥವಾ 32 ಜಿಬಿ ಹಾಕಿದರೂ 16 ಮಾತ್ರ ಕಾಣುತ್ತಿದ್ದರೆ, ರ‍್ಯಾಮ್ ಬಿಟ್ಟು ಪ್ರೊಸೆಸರ್ ಸಾಕೆಟ್ ಕಡೆ ನೋಡಿ. ಇಂಟೆಲ್ ಎಲ್‌ಜಿಎ1700ರಲ್ಲೂ ಎಎಂಡಿಯ ಎಎಂ5 (ರೈಜೆನ್ 7000, 9000) ಸಾಕೆಟ್ಟಿನಲ್ಲೂ ಪಿನ್ನುಗಳು ಬೋರ್ಡಿನಲ್ಲೇ ಇರುತ್ತವೆ, ಒಂದು ಬಾಗಿದರೂ ಒಂದು ಚಾನೆಲ್, ಅಂದರೆ ರ‍್ಯಾಮ್‌ಗೆ ಹೋಗುವ ಒಂದು ದಾರಿ, ಮಾಯವಾಗಬಹುದು. ಕೂಲರಿನ ಸ್ಕ್ರೂ ಒಂದು ಮೂಲೆಯಲ್ಲಿ ಅತಿಯಾಗಿ ಬಿಗಿದಿದ್ದರೂ ಹೀಗಾಗುತ್ತದೆ. ನಾಲ್ಕನ್ನೂ ಸಡಿಲಿಸಿ, ಮೂಲೆಯಿಂದ ಎದುರು ಮೂಲೆಗೆ ಅಡ್ಡಡ್ಡವಾಗಿ ಸ್ವಲ್ಪಸ್ವಲ್ಪವೇ ಬಿಗಿಯಿರಿ. ಪ್ರೊಸೆಸರ್ ಬಿಚ್ಚುವ ಮುಂಚೆ ಇದೊಂದನ್ನು ಮಾಡಿ ನೋಡುವುದು ಲೇಸು.

ನಾಲ್ಕು ಸ್ಟಿಕ್ ಹಾಕಿದ್ದೀರಾ? ರೈಜೆನ್ 7000ದಲ್ಲೂ 9000ದಲ್ಲೂ ನಾಲ್ಕು ಡಿಡಿಆರ್5 ಸ್ಟಿಕ್ಕಿಗೆ ಎಎಂಡಿ ಹೇಳುವ ಅಧಿಕೃತ ವೇಗ 3600. ನಾಲ್ಕರಲ್ಲಿ 6000 ಕೇಳುವುದು ಹಗ್ಗಜಗ್ಗಾಟ. ಎರಡು ಬೇರೆ ಕಿಟ್ ಕೂಡಿಸಿದ್ದರಂತೂ, ಮಾಡೆಲ್ ನಂಬರ್ ಒಂದೇ ಆದರೂ ಒಳಗಿನ ಚಿಪ್ ಬೇರೆ ಇರಬಹುದು. 64 ಜಿಬಿ ಬೇಕಾದವರು 32ರ ಎರಡು ಕೊಳ್ಳಿ.

ಬಯೋಸ್ ಒಳಗೆ

ಮೊದಲ ಕೆಲಸ ಬಯೋಸ್ ಅಪ್‌ಡೇಟ್. ಎಎಂ5 ಬೋರ್ಡುಗಳಲ್ಲಿ ಮೆಮೊರಿ ಸಮಸ್ಯೆಯ ಒಂದು ಪಾಲು ಇದರಲ್ಲೇ ಬಗೆಹರಿಯುತ್ತದೆ. ಏಪ್ರಿಲ್-ಮೇ ಸಂಜೆಯ ಗುಡುಗಿನಲ್ಲೋ ಗಾಳಿಮಳೆಗೆ ಮರ ಬಿದ್ದು ಲೈನ್ ಕಡಿಯುವ ದಿನಗಳಲ್ಲೋ ಇದಕ್ಕೆ ಕೈ ಹಾಕಬೇಡಿ. ಯುಪಿಎಸ್ ಇಲ್ಲದಿದ್ದರೆ ಆ ದಿನದ ಮಟ್ಟಿಗೆ ಎರವಲು ತನ್ನಿ. ಅರ್ಧದಲ್ಲಿ ಕರೆಂಟ್ ಹೋದರೆ ಬೋರ್ಡ್ ಏಳುವುದಿಲ್ಲ, ಬಯೋಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇರುವ ಬೋರ್ಡಾದರೆ ಮಾತ್ರ ಮನೆಯಲ್ಲೇ ಎಬ್ಬಿಸಬಹುದು.

ಅಪ್‌ಡೇಟ್ ಆದ ಮೇಲಿನ ಮೊದಲ ಬೂಟಿನಲ್ಲಿ ಪರದೆ ಕಪ್ಪಾಗಿ, ಡಿರ‍್ಯಾಮ್ ಎಲ್‌ಇಡಿ ಉರಿಯುತ್ತ ನಿಲ್ಲಬಹುದು. ಅದು ಮೆಮೊರಿ ಟ್ರೈನಿಂಗ್: ಪ್ರತಿ ಸಿಗ್ನಲ್ಲಿಗೂ ಸರಿಯಾದ ಸಮಯವನ್ನು ಬೋರ್ಡ್ ಹುಡುಕಿಕೊಳ್ಳುತ್ತಿರುತ್ತದೆ. ಎಎಂ5ರಲ್ಲಿ ಇದಕ್ಕೆ ಕೆಲವು ನಿಮಿಷಗಳೇ ಹಿಡಿಯುತ್ತವೆ. ಕೆಟ್ಟಿತೆಂದು ಬಟನ್ ಒತ್ತಿದರೆ ಮತ್ತೆ ಮೊದಲಿನಿಂದ. ಹದಿನೈದು ನಿಮಿಷ ಕಾಯಿರಿ. ಆಮೇಲೂ ಏಳದಿದ್ದರೆ ಪ್ಲಗ್ ಕಿತ್ತು, ಸಿಆರ್2032 ಸೆಲ್ ಐದು ನಿಮಿಷ ಹೊರಗಿಟ್ಟು ಸಿಮಾಸ್ (ಬಯೋಸ್ ಸೆಟ್ಟಿಂಗುಗಳ ಸಂಗ್ರಹ) ಕ್ಲಿಯರ್ ಮಾಡಿ.

ಈಗ ಪ್ರೊಫೈಲ್ ಆನ್ ಮಾಡಿ, ಟೆಸ್ಟ್ ಮಾಡಿ. ಫೇಲಾದರೆ ವೋಲ್ಟೇಜ್ ಏರಿಸುವ ಮುಂಚೆ ವೇಗ ಇಳಿಸಿ ನೋಡಿ: 6000, 5800, 5600. ಎಲ್ಲಿ ಎರರ್ ನಿಲ್ಲುತ್ತದೆ ಎಂಬುದೇ ಒಂದು ಸುಳಿವು. 5800ರಲ್ಲಿ ನಿಂತರೆ ಗಡಿಯಲ್ಲಿದ್ದೀರಿ, ಸಣ್ಣ ತಿದ್ದುಪಡಿ ಸಾಕಾಗಬಹುದು. 5200ಕ್ಕೂ ನಿಲ್ಲದಿದ್ದರೆ ಮತ್ತೆ ಸ್ಟಿಕ್ಕು-ಸಾಕೆಟ್ಟಿಗೆ ಹಿಂತಿರುಗಿ.

ಎಎಂ5ರಲ್ಲಿ ನೋಟ್‌ಬುಕ್ಕಿನ ಪುಟ ಹೀಗೆ ಸಾಗಬಹುದು. ಒಂದನೇ ಸಾಲು: 6000, ಡಿರ‍್ಯಾಮ್ (ಸ್ಟಿಕ್ಕಿನ ವೋಲ್ಟೇಜ್) 1.35, ಎಸ್‌ಒಸಿ (ಮೆಮೊರಿ ಕಂಟ್ರೋಲರ್ ಇರುವ ಪ್ರೊಸೆಸರ್ ಭಾಗದ ವೋಲ್ಟೇಜ್) ಆಟೋ, 40ನೇ ನಿಮಿಷಕ್ಕೆ ಎರರ್. ಎರಡನೇ ಸಾಲು: ಎಸ್‌ಒಸಿ ವೋಲ್ಟೇಜ್ ಕೈಯಾರೆ 1.20, ಉಳಿದದ್ದು ಹಾಗೆಯೇ. ಮೂರನೇ ಸಾಲು: ಎಸ್‌ಒಸಿ 1.25. ನಾಲ್ಕನೆಯದು: ಎಸ್‌ಒಸಿ ಒಳ್ಳೆಯದಿದ್ದ ಕಡೆಗೆ ವಾಪಸ್, ಡಿರ‍್ಯಾಮ್‌ನ ವಿಡಿಡಿ ಮತ್ತು ವಿಡಿಡಿಕ್ಯು ವೋಲ್ಟೇಜುಗಳೆರಡೂ 1.38. ಡಿರ‍್ಯಾಮ್‌ಗೆ 1.40 ದಾಟಬೇಡಿ. ಎಸ್‌ಒಸಿಗೆ 1.30 ಗಡಿ: 2023ರಲ್ಲಿ ಕೆಲವು ರೈಜೆನ್ 7000 ಎಕ್ಸ್3ಡಿ ಪ್ರೊಸೆಸರ್‌ಗಳು ಸುಟ್ಟುಹೋದ ಮೇಲೆ ಎಎಂಡಿಯೇ ಹಾಕಿದ ಬೇಲಿ ಅದು. ಹೆಚ್ಚು ವೋಲ್ಟೇಜ್ ಎಂದರೆ ಹೆಚ್ಚು ಸ್ಥಿರ ಅಂತೇನಿಲ್ಲ, ಎಸ್‌ಒಸಿ ಇಳಿಸಿದಾಗಲೇ ಸರಿಹೋಗುವ ಚಿಪ್ಪುಗಳೂ ಇವೆ. ಯುಕ್ಲಾಕ್ (ಮೆಮೊರಿ ಕಂಟ್ರೋಲರಿನ ವೇಗ) ಮತ್ತು ಮೆಮೊರಿ ಕ್ಲಾಕ್ ಒಂದಕ್ಕೊಂದು ಸಮ ಇರಲಿ, ಇನ್ಫಿನಿಟಿ ಫ್ಯಾಬ್ರಿಕ್ (ಪ್ರೊಸೆಸರ್ ಒಳಗಿನ ಭಾಗಗಳನ್ನು ಜೋಡಿಸುವ ದಾರಿ) 2000 ಇರಲಿ. ಅದಕ್ಕೂ ಆಗದಿದ್ದರೆ ಟೈಮಿಂಗ್ ಸಡಿಲಿಸಿ: 30-36-36 ಇದ್ದದ್ದನ್ನು 36-38-38 ಮಾಡಿ.

ತಣ್ಣಗಿನ ಪಿಸಿ ಬೆಳಿಗ್ಗೆ ಎದ್ದಾಗ ಮಾತ್ರ ಕ್ರ್ಯಾಶ್ ಆಗಿ, ರೀಸ್ಟಾರ್ಟ್ ಮಾಡಿದರೆ ದಿನವಿಡೀ ಸರಿಯಿರುತ್ತದೆಯೇ? ಎಎಂ5ರಲ್ಲಿ ಮೆಮೊರಿ ಕಾಂಟೆಕ್ಸ್ಟ್ ರೀಸ್ಟೋರ್ ಆಫ್ ಮಾಡಿ ನೋಡಿ. ಆನ್ ಇದ್ದಾಗ ಅದು ಹಿಂದಿನ ಟ್ರೈನಿಂಗ್ ಫಲಿತಾಂಶವನ್ನೇ ಮತ್ತೆ ಬಳಸುತ್ತದೆ. ನಡುಮಧ್ಯಾಹ್ನ ಕಲಿತ ಪಾಠ ಮಡಿಕೇರಿಯ ಜನವರಿ ಬೆಳಗಿಗೆ ಹೊಂದದೆ ಹೋಗಬಹುದು. ಆಫ್ ಮಾಡಿದರೆ ಬೂಟ್ ನಿಧಾನವಾಗುತ್ತದೆ, ಅಷ್ಟೇ.

ಡಿಡಿಆರ್4 ಇರುವವರಿಗೆ ಚುಟುಕಾಗಿ: ರೈಜೆನ್ 5000ದಲ್ಲಿ 3600 ಮತ್ತು ಫ್ಯಾಬ್ರಿಕ್ 1800, ಎಸ್‌ಒಸಿ 1.10ರ ಆಸುಪಾಸು, ಗಿಯರ್ ಡೌನ್ (ಸಿಗ್ನಲ್ ಸಮಯ ಸಡಿಲಿಸುವ ಆಯ್ಕೆ) ಆನ್. ಇಂಟೆಲ್ 12ನೇ ತಲೆಮಾರಿನ, ಹೆಸರಿನ ಕೊನೆಗೆ ಕೆ ಇಲ್ಲದ ಪ್ರೊಸೆಸರ್‌ಗಳಲ್ಲಿ ಸಿಸ್ಟಂ ಏಜೆಂಟ್ (ಮೆಮೊರಿ ಕಂಟ್ರೋಲರ್ ಇರುವ ಭಾಗ) ವೋಲ್ಟೇಜಿಗೆ ಬೀಗ ಹಾಕಿದೆ, ಗಿಯರ್ 1ರಲ್ಲಿ (ಕಂಟ್ರೋಲರ್ ರ‍್ಯಾಮ್‌ಗೆ ಸಮನಾಗಿ ಓಡುವಾಗ) 3600 ನಿಲ್ಲದಿದ್ದರೆ 3200ಕ್ಕೆ ಇಳಿಯುವುದೇ ದಾರಿ. ಎಚ್610 ಬೋರ್ಡಾದರೆ ಮೆಮೊರಿ ಓವರ್‌ಕ್ಲಾಕಿಂಗೇ ಇಲ್ಲ.

ಪಾಸಾಯಿತು ಎನ್ನುವ ಮುಂಚೆ

ವಿಂಡೋಸ್ ಒಳಗೆ ಟೆಸ್ಟ್‌ಮೆಮ್5 ಒಂದೆರಡು ಗಂಟೆ, ಆಮೇಲೆ ಪ್ರೈಮ್95ರ ಲಾರ್ಜ್ ಎಫ್‌ಎಫ್‌ಟಿ ಒಂದು ಗಂಟೆ. ಮೊದಲನೆಯದು ಸ್ಟಿಕ್ಕನ್ನು ಬಡಿಯುತ್ತದೆ, ಎರಡನೆಯದು ಕಂಟ್ರೋಲರನ್ನು. ಎಚ್‌ಡಬ್ಲ್ಯೂಇನ್ಫೋ ತೆರೆದಿಟ್ಟು ಸ್ಟಿಕ್ಕಿನ ತಾಪ ಗಮನಿಸಿ. ಡಿಡಿಆರ್5 ಸ್ಟಿಕ್ಕುಗಳಲ್ಲಿ ಸೆನ್ಸರ್ ಇದೆ, ವೋಲ್ಟೇಜ್ ನಿಯಂತ್ರಿಸುವ ಚಿಪ್ಪೂ ಸ್ಟಿಕ್ಕಿನ ಮೇಲೇ ಕೂತು ಬಿಸಿಯಾಗುತ್ತದೆ. 55 ಡಿಗ್ರಿಯ ಒಳಗಿದ್ದರೆ ನಿಶ್ಚಿಂತೆ. ಗ್ರಾಫಿಕ್ಸ್ ಕಾರ್ಡಿನ ಬಿಸಿಗಾಳಿ ನೇರ ಸ್ಟಿಕ್ಕಿಗೆ ಬಡಿಯುವುದರಿಂದ ಟೆಸ್ಟಿನಲ್ಲಿ ಪಾಸಾಗಿ ಗೇಮಿನಲ್ಲಿ ಬೀಳುವುದುಂಟು. ಹಾಗಾದರೆ ಮುಂದಿನ ಫ್ಯಾನ್ ಸ್ವಲ್ಪ ಜೋರು ಮಾಡಿ. ಮಡಿಕೇರಿಯಲ್ಲಿ ಚಳಿಗಾಲದಲ್ಲಿ ಹೊಂದಿಸಿದ ಪಿಸಿಯನ್ನು ಕುಶಾಲನಗರದ ಬಿಸಿಲಿಗೆ ಒಯ್ದರೆ ಏಪ್ರಿಲಿನಲ್ಲಿ ಮತ್ತೊಮ್ಮೆ ಟೆಸ್ಟ್ ಮಾಡಿ.

ಎಲ್ಲ ಸರಿಯಾದ ಮೇಲೆ ಅಡ್ಮಿನ್ ಕಮಾಂಡ್ ಪ್ರಾಂಪ್ಟಿನಲ್ಲಿ ವಿಂಡೋಸ್ ಫೈಲು ಸರಿಪಡಿಸುವ ಡಿಐಎಸ್‌ಎಂ, ನಂತರ ಎಸ್‌ಎಫ್‌ಸಿ ಓಡಿಸಿ. ರ‍್ಯಾಮ್ ಕೆಟ್ಟಿದ್ದಾಗ ಬರೆದ ವಿಂಡೋಸ್ ಫೈಲುಗಳು ಹಾಗೇ ಕೆಟ್ಟು ಕೂತಿದ್ದರೆ ರಿಪೇರಿಯಾದ ಪಿಸಿಯೂ ಕ್ರ್ಯಾಶ್ ಆಗುತ್ತಲೇ ಇರುತ್ತದೆ.

ವಾರಗಟ್ಟಲೆ ತಿಣುಕಿಯೂ 6000 ನಿಲ್ಲದಿದ್ದರೆ 5600ಕ್ಕೆ ಬಿಟ್ಟುಬಿಡಿ. ಕಚೇರಿ ಕೆಲಸ, ವಿಡಿಯೊ ಎಡಿಟಿಂಗಿನಲ್ಲಿ ವ್ಯತ್ಯಾಸ ಕಾಣುವುದು ಕಷ್ಟ. ಆದರೆ ಮೂಲ ವೇಗದಲ್ಲೇ ಫೇಲಾಗುವ ಸ್ಟಿಕ್ಕನ್ನು ಇಟ್ಟುಕೊಳ್ಳಬೇಡಿ, ವಾರಂಟಿಗೆ ಕಳಿಸಿ. ಜಿಎಸ್‌ಟಿ ಬಿಲ್, ಮೆಮ್‌ಟೆಸ್ಟ್ ಎರರಿನ ಫೋಟೋ ಜೊತೆಗಿರಲಿ. ಕಿಟ್ ಆಗಿ ಕೊಂಡಿದ್ದರೆ ಸಾಮಾನ್ಯವಾಗಿ ಎರಡೂ ಸ್ಟಿಕ್ ಕೇಳುತ್ತಾರೆ, ಆ ದಿನಗಳಿಗೆ ಬೇರೆ ಸ್ಟಿಕ್ ನೋಡಿಕೊಳ್ಳಿ. ಮಳೆಗಾಲದ ಕೊರಿಯರಿಗೆ ಆ್ಯಂಟಿಸ್ಟ್ಯಾಟಿಕ್ ಕವರ್, ಅದರ ಮೇಲೆ ಪ್ಲಾಸ್ಟಿಕ್, ಅದರ ಮೇಲೆ ಗಟ್ಟಿ ಡಬ್ಬ. ಹೊಸ ಕಿಟ್ ನೆನೆದ ಪೊಟ್ಟಣದಲ್ಲಿ ಬಂದರೆ ಕೂಡಲೇ ಬಿಚ್ಚದೆ ರಾತ್ರಿ ಬೆಚ್ಚನೆಯ ಕೋಣೆಯಲ್ಲಿಡಿ. ಹಾಕುವ ಮುಂಚೆ ಸಿಮಾಸ್ ಕ್ಲಿಯರ್ ಮಾಡಿ: ಹಳೆಯ ಕಿಟ್ಟಿಗೆಂದು ಕೈಯಾರೆ ಹಾಕಿದ ವೋಲ್ಟೇಜ್, ಟೈಮಿಂಗ್ ಇನ್ನೂ ಬಯೋಸಿನಲ್ಲೇ ಕೂತಿರುತ್ತವೆ.